ಕಾಲಗಿರಿ ಅನ್ನೋ ಗುಡ್ಡ ಇಟಲಿಯಲ್ಲಿಲ್ಲ: ಅಜ್ಜನ ಪಲ್ಟನ್ ಜೋಡಿ ಇದ್ದ ಕೆನಡಾದವರನ್ನು ಹುಡುಕುವ ಬಗೆ

ಬೆಳಗಾವಿ ಕ್ಯಾಂಪಿನ ಕಡೆ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಝೆರಾಕ್ಸ್ ಅನ್ನೋದು ಬೋರ್ಡಿನ ಮೇಲಿನ ಮಾತು. ಪಹಣಿ, ಪಾನ್ ಕಾರ್ಡು, ಜಾತಿ ಪ್ರಮಾಣ ಪತ್ರ ಎಲ್ಲ ಇಲ್ಲೇ. ನವೆಂಬರ್ ಬಂತೆಂದರೆ ನಿವೃತ್ತ ಸೈನಿಕರು ಮತ್ತು ಅವರ ಮನೆಯವರು ಜೀವನ ಪ್ರಮಾಣಕ್ಕೆ ಬೆರಳು ಒತ್ತಲು ಸಾಲುಗಟ್ಟುತ್ತಾರೆ. ಆ ಸಾಲಿನಲ್ಲಿ ವರ್ಷಕ್ಕೆ ನಾಲ್ಕೈದು ಮಂದಿಯಾದರೂ ಬಟ್ಟೆಯ ಗಂಟು ಬಿಚ್ಚಿ ಕೌಂಟರಿನ ಮೇಲೆ ಬಿಲ್ಲೆ, ಅಂದರೆ ಯುದ್ಧದ ಪದಕ, ಇಡುತ್ತಾರೆ. “ಅಕ್ಕಾರ, ಇದು ನಮ್ಮ ಮುತ್ಯಾಂದು. ಯಾವ ಯುದ್ಧದ್ದು ನೋಡ್ರಿ.” ಪ್ರತಿಸಲ ಅದೇ ಕಥೆ ಮೊದಲಿಂದ ಹೇಳಿ ಬಾಯಿ ಬತ್ತಿದೆ. ಹಾಗಾಗಿ ಬರೆದೇ ಇಡುತ್ತಿದ್ದೇನೆ. ಇದು ಎಲ್ಲ ಸೈನಿಕರ ಬಗ್ಗೆ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ನಮ್ಮವರ ಪಕ್ಕದಲ್ಲಿ ಕೆನಡಾದವರು ಇದ್ದರೋ ಇಲ್ಲವೋ, ಇದ್ದರೆ ಯಾರು, ಯಾವ ದಿನ, ಎಲ್ಲಿ ಅನ್ನೋದನ್ನು ಮನೆಯಲ್ಲಿ ಕೂತು ಪತ್ತೆ ಹಚ್ಚುವ ಬಗ್ಗೆ.

ಇದನ್ನು ನಾನು ಕಲಿತದ್ದು ನಮ್ಮ ಅಜ್ಜನಿಂದಾಗಿ. ಖಾನಾಪುರ ತಾಲೂಕಿನವರು, ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ. ಮರಾಠಾ ಪಲ್ಟನ್‌ಗೆ ಸೇರಿ ಇಟಲಿಗೆ ಹೋಗಿ ಬಂದವರು. ಅವರು ತೀರಿಕೊಂಡಾಗ ನನಗೆ 12 ವರ್ಷ. ಕೇಳುವ ವಯಸ್ಸಲ್ಲ. ಉಳಿದದ್ದು ಒಂದು ತಗಡಿನ ಟ್ರಂಕು ಮತ್ತು ನಮ್ಮ ಅತ್ತಿಯ ನೆನಪು. ಅತ್ತಿ ಹೇಳುತ್ತಿದ್ದದ್ದು ಇಷ್ಟು:

“ಅಪ್ಪ ಚಳ್ಯಾಗ ಮೋರಿ ದಾಟಿ ಕಾಲದಾರಿ ಕಡೆ ಹೋದ್ನಂತ. ಮುಂದ ಬ್ಯಾಸಿಗ್ಯಾಗ ಕಾಲಗಿರಿ ಟ್ಯಾಂಕಿನವರು ಬಂದ್ರಂತ. ಕೆನಡಿ ಮಂದಿ. ಹೊಳ್ಯಾಗ ಒಂದು ಟ್ಯಾಂಕ್ ಮುಳುಗಿಸಿ ಅದರ ಮ್ಯಾಲ ಪೂಲು ಹಾಕಿದ್ರಂತ.”

ಕಾಕಾ ಪ್ರತಿಸಲ ನಗುತ್ತಿದ್ದ. ಮೋರಿ ದಾಟೋದಕ್ಕೆ ಪಲ್ಟನ್ ಯಾಕೆ ಬೇಕು? ಲಕ್ಷಗಟ್ಟಲೆ ರೂಪಾಯಿಯ ಟ್ಯಾಂಕನ್ನು ಯಾರಾದರೂ ಬೇಕಂತಲೇ ನೀರಿಗೆ ಹಾಕುತ್ತಾರಾ? ನಾನೂ ನಕ್ಕಿದ್ದೆ. ಒಂದು ಸಲ ಇಟಲಿಯ ನಕಾಶೆ ತೆಗೆದು ಕಾಲಗಿರಿ ಅನ್ನೋ ಗುಡ್ಡವನ್ನು ಎರಡು ತಾಸು ಹುಡುಕಿದ್ದೂ ಉಂಟು.

ಆದ್ದರಿಂದ ಮೊದಲ ಮಾತು: ಹಿರಿಯರು ಹೇಳಿದ ಶಬ್ದವನ್ನು ತಿದ್ದಬೇಡಿ. ಮೋರಿ ಅಂದರೆ ಮೋರಿ ಅಂತಲೇ ಬರೆದುಕೊಳ್ಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೆ ಇನ್ನೂ ಚಲೋ, ಯಾಕೆಂದರೆ ನಾವು ಬರೆಯುವಾಗ ಗೊತ್ತಿಲ್ಲದೆ ತಿದ್ದಿಬಿಡುತ್ತೇವೆ. “ಎಲ್ಲಿ ಯುದ್ಧ ಮಾಡಿದ್ರು” ಅಂತ ಕೇಳಿದರೆ “ಇಂಗ್ಲೆಂಡ್ ಕಡೆ” ಅನ್ನುತ್ತಾರೆ, ಮುಗಿಯಿತು. ಚಳಿ ಇತ್ತಾ, ಹೊಳೆ ಇತ್ತಾ, ಏನು ತಿಂದರು, ಪಕ್ಕದಲ್ಲಿ ಯಾವ ಮಂದಿ ಇದ್ದರು ಅಂತ ಕೇಳಿ. ನಮ್ಮ ಅತ್ತಿ ಇದಕ್ಕೆಲ್ಲ ಒಂದೇ ಉತ್ತರ ಕೊಟ್ಟಳು. “ರಾಡಿ. ಭಾಳ ರಾಡಿ ಅಂತಿದ್ದ.” ಆ ರಾಡಿಯೂ ಮುಂದೆ ಉಪಯೋಗಕ್ಕೆ ಬಂತು.

ಆಮೇಲೆ ಟ್ರಂಕು. ಬಿಲ್ಲೆಗಳಲ್ಲಿ ಆರು ಮೂಲೆಯ ನಕ್ಷತ್ರ ಇದ್ದರೆ ಅದನ್ನೇ ಮೊದಲು ನೋಡಿ. 1939-45 ಅಂತ ಬರೆದ ನಕ್ಷತ್ರ ಒಂದನ್ನು ಬಿಟ್ಟರೆ, ಅದು ಸೈನಿಕ ಹೋದ ಕಡೆಯನ್ನು ಹೇಳುತ್ತದೆ. ಮೇಲೆ ಇಂಗ್ಲಿಷಿನಲ್ಲಿ ಬರೆದೂ ಇರುತ್ತದೆ, ಆದರೆ ಸವೆದಿದ್ದರೆ ರಿಬ್ಬನ್ನೇ ಗತಿ. ನಡುವೆ ಹಸಿರು, ಅದರ ಎರಡು ಕಡೆ ಬಿಳಿ, ಅಂಚಿಗೆ ಕೆಂಪು ಇದ್ದರೆ ಇಟಲಿ. ನಡುವೆ ಅಗಲ ಕೆಂಪು, ಬದಿಗೆ ಕಡುನೀಲಿ ಮತ್ತು ಕಿತ್ತಳೆ ಇದ್ದರೆ ಬರ್ಮಾ. ಮರಳಿನ ಬಣ್ಣದ ಪಟ್ಟಿಯ ನಡುವೆ ಕೆಂಪು ಇದ್ದರೆ ಆಫ್ರಿಕಾ. ರಾಜನ ಮುಖದ ದುಂಡು ಬಿಲ್ಲೆಗಳು ಊರನ್ನು ಹೇಳುವುದಿಲ್ಲ, ಅವನ್ನು ಪಕ್ಕಕ್ಕಿಡಿ. (ಯುದ್ಧದ ಆ ದುಂಡು ಬಿಲ್ಲೆಯನ್ನು ಕೆನಡಾ ತನ್ನವರಿಗೆ ಬೆಳ್ಳಿಯಲ್ಲೇ ಮಾಡಿಸಿಕೊಟ್ಟಿತು. ನಮ್ಮವರಿಗೆ ಬಂದದ್ದು ಮಿಶ್ರಲೋಹ. ಕರಗಿಸಿದರೆ ಏನೂ ಸಿಗುವುದಿಲ್ಲ, ಆ ಆಸೆ ಬಿಡಿ.)

ಕೆಲವು ನಕ್ಷತ್ರಗಳ ಹಿಂದೆ ನಂಬರು, ಹೆಸರು ಕೊರೆದಿರುತ್ತದೆ. ನಮ್ಮ ಅಜ್ಜನದರ ಹಿಂದೆಯೂ ಏನೋ ಇತ್ತು. ಒಂದು ದೀಪಾವಳಿಗೆ ನಾನೇ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ಫಳಫಳ ಮಾಡಿಟ್ಟೆ. ಈಗ ಭೂತಗನ್ನಡಿ ಹಿಡಿದರೂ ಕೊನೆಯ ಎರಡು ಅಂಕಿ ಕಾಣುವುದಿಲ್ಲ. ತಿಕ್ಕಬೇಡಿ. ಸುಮ್ಮನೆ ಬಟ್ಟೆಯಿಂದ ಧೂಳು ಒರೆಸಿ, ಕಿಟಕಿಯ ಹತ್ತಿರ ಓರೆ ಬೆಳಕಿಗೆ ಹಿಡಿದು ಫೋಟೊ ತೆಗೆಯಿರಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಓರೆ ಬೆಳಕಿನಲ್ಲಿ ಏಳುತ್ತದೆ.

ಬಿಲ್ಲೆಗಿಂತ ಮುಖ್ಯವಾದದ್ದು ಡಿಸ್ಚಾರ್ಜ್ ಕಾಗದ. ಅದರಲ್ಲಿ ಎರಡು ಸಂಗತಿ ಬೇಕು. ಒಂದು ಸೈನಿಕನ ನಂಬರು, ಇನ್ನೊಂದು ಬೆಟಾಲಿಯನ್. ಬೆಟಾಲಿಯನ್ನನ್ನು 1/5, 3/5 ಅಂತ ಬರೆದಿರುತ್ತಾರೆ. ನನ್ನ ಅಂಗಡಿಗೆ ಬಂದ ಒಬ್ಬ ಹುಡುಗ ಅದನ್ನು ಮೇ 1 ಅಂತ ಓದಿ, “ಮುತ್ಯಾ ಕಾರ್ಮಿಕರ ದಿನ ಭರ್ತಿ ಆಗ್ಯಾನ್ರಿ” ಅಂದಿದ್ದ. ಅದು ತಾರೀಕಲ್ಲ. ಆಗ ನಮ್ಮ ರೆಜಿಮೆಂಟಿನ ಹೆಸರು 5ನೇ ಮಹ್ರಟ್ಟಾ ಲೈಟ್ ಇನ್‌ಫೆಂಟ್ರಿ. ಗೆರೆಯ ಕೆಳಗಿನ 5 ರೆಜಿಮೆಂಟಿನದು, ಮೇಲಿನದು ಬೆಟಾಲಿಯನ್ನಿನದು. ಕಾಗದವೇ ಇಲ್ಲದಿದ್ದರೆ ಅಡ್ಡಹೆಸರು ಕೇಳಿ. ಮನೆಯಲ್ಲಿ “ಜಂಗಿ ಪಲ್ಟನ್” ಅನ್ನುತ್ತಿದ್ದರೆ ಅದು ಒಂದನೆಯ ಬೆಟಾಲಿಯನ್, “ಕಾಳಿ ಪಾಂಚವೀ” ಅಂದರೆ ಎರಡನೆಯದು. ನಮ್ಮಲ್ಲಿ ಅತ್ತಿಗೆ ನಂಬರು ಗೊತ್ತಿರಲಿಲ್ಲ, ಜಂಗಿ ಅನ್ನೋದು ಮಾತ್ರ ಗೊತ್ತಿತ್ತು. ಅಷ್ಟೇ ಸಾಕಾಯಿತು.

ಈಗ ಏಣಿ ಹತ್ತಬೇಕು. ಅರ್ಜಿ ತುಂಬುವಾಗ ಊರು, ಹೋಬಳಿ, ತಾಲೂಕು, ಜಿಲ್ಲೆ ಅಂತ ಬರೆಯುತ್ತೀರಲ್ಲ, ಸೈನ್ಯದಲ್ಲೂ ಹಾಗೇ. ಬೆಟಾಲಿಯನ್, ಬ್ರಿಗೇಡ್, ಡಿವಿಷನ್, ಕೋರ್, ಆರ್ಮಿ. ಒಬ್ಬ ಸಿಪಾಯಿಯ ಹೆಸರು ಯಾವ ಇತಿಹಾಸದಲ್ಲೂ ಸಿಗುವುದಿಲ್ಲ, ಬೆಟಾಲಿಯನ್ ಅಲ್ಲೊಮ್ಮೆ ಇಲ್ಲೊಮ್ಮೆ ಸಿಗುತ್ತದೆ, ಬ್ರಿಗೇಡ್ ಮತ್ತು ಡಿವಿಷನ್ ದಿನದಿನಕ್ಕೂ ಸಿಗುತ್ತವೆ. ಹಾಗಾಗಿ ಮೇಲೆ ಹತ್ತಿ, ಅಲ್ಲಿಂದ ಅಕ್ಕಪಕ್ಕ ನೋಡಬೇಕು. 1/5 ಮರಾಠಾ ಇದ್ದದ್ದು 8ನೇ ಇಂಡಿಯನ್ ಡಿವಿಷನ್ನಿನ 21ನೇ ಬ್ರಿಗೇಡಿನಲ್ಲಿ. 3/5 ಇಟಲಿಯಲ್ಲಿ 10ನೇ ಇಂಡಿಯನ್ ಡಿವಿಷನ್. 2/5ರವರು 1942ರ ಜೂನ್‌ನಲ್ಲಿ ಟೊಬ್ರುಕ್‌ನಲ್ಲಿ ಸೆರೆಯಾದರು. ಅವರ ಮನೆಯವರು ಕೆನಡಾದವರನ್ನು ಹುಡುಕುವುದಕ್ಕಿಂತ ಯುದ್ಧಕೈದಿಗಳ ದಾಖಲೆ ಹುಡುಕುವುದು ಒಳ್ಳೆಯದು. 4/5ರವರು ಬರ್ಮಾ ಕಡೆ, 1944ರ ಮಾರ್ಚ್‌ನಲ್ಲಿ ಮಣಿಪುರದ ಸಾಂಗ್‌ಶಾಕ್‌ನಲ್ಲಿ ಕಾದಿದವರು. ಅವರ ಮಾತು ಕೊನೆಗೆ ಹೇಳುತ್ತೇನೆ.

ಇಲ್ಲೇ ಹೊಸಬರು ಜಾರಿ ಬೀಳುವ ಜಾಗ ಇದೆ. 8ನೇ ಆರ್ಮಿ ಬೇರೆ, 8ನೇ ಇಂಡಿಯನ್ ಡಿವಿಷನ್ ಬೇರೆ. ಆರ್ಮಿ ಅಂದರೆ ಬ್ರಿಟಿಷರು, ನ್ಯೂಜಿಲೆಂಡಿನವರು, ಪೋಲೆಂಡಿನವರು, ಕೆನಡಾದವರು ಎಲ್ಲ ಸೇರಿದ ಸಂತೆ. ಹಾಗೆಯೇ ಇಟಲಿಯ ಕೆನಡಾದವರಲ್ಲಿ ಕನಿಷ್ಠ ಮೂರು “ಒಂದನೆಯ”ಗಳಿವೆ: 1ನೇ ಕೆನಡಿಯನ್ ಕೋರ್, 1ನೇ ಕೆನಡಿಯನ್ ಇನ್‌ಫೆಂಟ್ರಿ ಡಿವಿಷನ್, 1ನೇ ಕೆನಡಿಯನ್ ಆರ್ಮರ್ಡ್ (ಅಂದರೆ ಟ್ಯಾಂಕಿನ) ಬ್ರಿಗೇಡ್. ನಾನು ಒಂದು ತಿಂಗಳು ಡಿವಿಷನ್ನಿನ ದಾಖಲೆ ಓದುತ್ತಾ ಕೂತಿದ್ದೆ. ನಮ್ಮ ಟ್ಯಾಂಕಿನವರು ಅದರಲ್ಲಿ ಇರಲೇ ಇಲ್ಲ. ಟ್ಯಾಂಕಿನ ಬ್ರಿಗೇಡ್ ತಾನೇ ಬೇರೆಯಾಗಿತ್ತು, ಯಾರಿಗೆ ಬೇಕೋ ಅವರ ಜೋಡಿ ಹೋಗುತ್ತಿತ್ತು, ಬಾಡಿಗೆ ಟ್ರ್ಯಾಕ್ಟರ್ ಇದ್ದ ಹಾಗೆ. 1944ರ ಮೇ ತಿಂಗಳಲ್ಲಿ ಕೆನಡಾದ ಕಾಲಾಳುಗಳಿಗೆ ಬ್ರಿಟಿಷರ ಟ್ಯಾಂಕು, ನಮ್ಮ ಕಾಲಾಳುಗಳಿಗೆ ಕೆನಡಾದ ಟ್ಯಾಂಕು!

ಆ ಬ್ರಿಗೇಡಿನಲ್ಲಿ ಮೂರು ರೆಜಿಮೆಂಟು. ಆಂಟಾರಿಯೊ, ಥ್ರೀ ರಿವರ್ಸ್, ಮತ್ತು ಕ್ಯಾಲ್ಗರಿ.

ಕ್ಯಾಲ್ಗರಿ ಅನ್ನೋ ಹೆಸರು ಮೊದಲ ಸಲ ಓದಿದಾಗ ನಾನು ಅಂಗಡಿಯಲ್ಲಿ ಒಬ್ಬಳೇ ಇದ್ದೆ. ಜೋರಾಗಿ ಎರಡು ಸಲ ಹೇಳಿ ನೋಡಿದೆ. ಕ್ಯಾಲ್ಗರಿ, ಕಾಲಗಿರಿ. ಅದು ಇಟಲಿಯ ಗುಡ್ಡವಲ್ಲ, ಕೆನಡಾದ ಪಶ್ಚಿಮಕ್ಕಿರುವ ಒಂದು ಪಟ್ಟಣ. ಆಮೇಲೆ ಮಿಕ್ಕ ಎರಡಕ್ಕೂ ಬಾಯಿಂದಲೇ ಹುಡುಕಿದೆ. ಮೋರಿ ಅಂದರೆ ಮೋರೊ, ಇಟಲಿಯ ಪೂರ್ವ ತೀರದ ಒಂದು ಹೊಳೆ. ಕಾಲದಾರಿ ಅಂದರೆ ಕಾಲ್ದಾರಿ, ಆ ಹೊಳೆಯಾಚೆಯ ಹಳ್ಳಿ. ನಮ್ಮಜ್ಜ ಪರದೇಶದ ಹೆಸರುಗಳನ್ನೆಲ್ಲ ಖಾನಾಪುರದ ಹೆಸರು ಮಾಡಿಕೊಂಡು ಮನೆಗೆ ತಂದಿದ್ದರು.

ಹೆಸರು ಸಿಕ್ಕ ಮೇಲೆ ತಾರೀಕು ಹಿಡಿಯಬೇಕು. ಕೆನಡಾದ ಇಡೀ ಯುದ್ಧವನ್ನು ಓದಬೇಕಿಲ್ಲ. ಆದರೆ ಹಂದರ ಗೊತ್ತಿದ್ದರೆ ಸುಳ್ಳು ಕಥೆ ಬೇಗ ಗೊತ್ತಾಗುತ್ತದೆ. 1939ರ ಸೆಪ್ಟೆಂಬರ್ 3ರಂದು ನಮ್ಮ ದೇಶ ಯುದ್ಧದಲ್ಲಿದೆ ಅಂತ ವೈಸರಾಯ್ ಯಾರನ್ನೂ ಕೇಳದೆ ಸಾರಿಬಿಟ್ಟರು. ಕೆನಡಾ ತನ್ನ ಸಂಸತ್ತಿನಲ್ಲಿ ಚರ್ಚಿಸಿ ಸೆಪ್ಟೆಂಬರ್ 10ರಂದು ಯುದ್ಧ ಘೋಷಿಸಿತು. ಆ ಏಳು ದಿನದ ಅಂತರ ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಸುಮಾರು 1 ಕೋಟಿ 10 ಲಕ್ಷ ಜನರಿದ್ದ ದೇಶದಿಂದ 10 ಲಕ್ಷಕ್ಕೂ ಹೆಚ್ಚು ಮಂದಿ ಸೇವೆಗೆ ಬಂದರು, ಸುಮಾರು 45,000 ಮಂದಿ ಸತ್ತರು. 1941ರ ಡಿಸೆಂಬರ್‌ನಲ್ಲಿ ಹಾಂಗ್‌ಕಾಂಗ್, 1942ರ ಆಗಸ್ಟ್ 19ಕ್ಕೆ ಫ್ರಾನ್ಸಿನ ದಿಯೆಪ್, 1943ರ ಜುಲೈ 10ಕ್ಕೆ ಸಿಸಿಲಿ, ಆಮೇಲೆ ಇಟಲಿ. 1944ರ ಜೂನ್ 6ಕ್ಕೆ ನಾರ್ಮಂಡಿಯ ಜೂನೊ ತೀರದಲ್ಲಿ ಸುಮಾರು 14,000 ಮಂದಿ ಇಳಿದರು. ಕೊನೆಗೆ ಹಾಲೆಂಡನ್ನು ಜರ್ಮನರಿಂದ ಬಿಡಿಸಿದರು. ಸಮುದ್ರದ ಮೇಲೆ ಅಟ್ಲಾಂಟಿಕ್‌ನಲ್ಲಿ ಹಡಗುಗಳ ಕಾವಲು ಬೇರೆ. ನಮ್ಮ ಕ್ಯಾಲ್ಗರಿಯವರು ದಿಯೆಪ್‌ನಲ್ಲೂ ಇದ್ದರು. ಅಂದು ಆ ದಾಳಿಗೆ ಹೋದ ಸುಮಾರು 5,000 ಕೆನಡಾದವರಲ್ಲಿ 900ಕ್ಕೂ ಹೆಚ್ಚು ಮಂದಿ ಸತ್ತರು, 1,900ಕ್ಕೂ ಹೆಚ್ಚು ಮಂದಿ ಸೆರೆಯಾದರು. ಅದನ್ನು ಉಂಡು ಬಂದ ರೆಜಿಮೆಂಟೇ ಎರಡು ವರ್ಷದೊಳಗೆ ನಮ್ಮಜ್ಜನ ಡಿವಿಷನ್ನಿನ ಜೋಡಿ ಹೊಳೆ ದಾಟಿದ್ದು.

ಮೊದಲ ಭೇಟಿ ಮೋರೊ, 1943ರ ಡಿಸೆಂಬರ್. ಅತ್ತಿಯ ರಾಡಿ ಇದೇ. ಮಳೆ, ಕೊರಕಲು, ದ್ರಾಕ್ಷಿ ತೋಟ, ಎಲ್ಲ ಕೆಸರು. ತೀರದ ಕಡೆ 1ನೇ ಕೆನಡಿಯನ್ ಡಿವಿಷನ್, ಅದರ ಎಡಕ್ಕೆ ಒಳನಾಡಿನಲ್ಲಿ 8ನೇ ಇಂಡಿಯನ್. ಮೊದಲು ಕೆನಡಾದವರು ಹಿಡಿದ ರೊಗಾತ್ತಿ ಅನ್ನೋ ಹಳ್ಳಿಯ ಜಾಗವನ್ನು ನಮ್ಮ 21ನೇ ಬ್ರಿಗೇಡ್ ವಹಿಸಿಕೊಂಡಿತು. ಅಲ್ಲಿ ರಸ್ತೆ ಹೊಳೆಗೆ ಇಳಿಯುವಾಗ ಹೇರ್‌ಪಿನ್ ತಿರುವು. ಈ ದಂಡೆಯಿಂದ ಸೇತುವೆ ನೂಕಲು ಜಾಗವೇ ಇಲ್ಲ. ಕೆನಡಾದ ಇಂಜಿನಿಯರರು ಆಗದು ಅಂದಿದ್ದರು. ನಮ್ಮ ಡಿವಿಷನ್ನಿನ ಇಂಜಿನಿಯರ್ ಸಿಪಾಯಿಗಳು, ಅಂದರೆ ಸ್ಯಾಪರ್‌ಗಳು ಸಾಮಾನನ್ನೆಲ್ಲ ಹೊತ್ತು ಹೊಳೆ ದಾಟಿ, ಶತ್ರುವಿನ ದಂಡೆಯಲ್ಲಿ ನಿಂತು ಹಿಂದುಮುಂದಾಗಿ ಈ ಕಡೆಗೆ ಸೇತುವೆ ಕಟ್ಟಿದರು. ಅದಕ್ಕೆ “ಅಸಾಧ್ಯ ಸೇತುವೆ” ಅಂತಲೇ ಹೆಸರು ಬಿತ್ತು. ಮೋರಿ ದಾಟೋದಕ್ಕೆ ಪಲ್ಟನ್ ಯಾಕೆ ಬೇಕಿತ್ತು ಅನ್ನೋದು ಕಾಕಾನಿಗೆ ಇದನ್ನು ಓದಿ ಹೇಳಿದ ಮೇಲೆ ತಿಳಿಯಿತು.

ಅದೇ ಕಾಕಾ ಮರುದಿನ ಬಂದು, “ಹಂಗಾದ್ರ ಅಪ್ಪ ಓರ್ಟೋನಾ ಗೆದ್ದಾನ ಅಂತ ಬರಿ” ಅಂದ. ಊರ ಜಾತ್ರೆಗೆ ಫ್ಲೆಕ್ಸ್ ಹಾಕಿಸುವ ವಿಚಾರ ಅವನದು. ಬರೆಯಲಿಲ್ಲ. ಓರ್ಟೋನಾ ಕೆನಡಾದವರದು. ಡಿಸೆಂಬರ್ 20ರಿಂದ 28ರವರೆಗೆ ಲಾಯಲ್ ಎಡ್ಮಂಟನ್ ಮತ್ತು ಸೀಫೋರ್ತ್ ಹೈಲ್ಯಾಂಡರ್ಸ್ ರೆಜಿಮೆಂಟುಗಳು, ಥ್ರೀ ರಿವರ್ಸ್ ಟ್ಯಾಂಕುಗಳ ಜೋಡಿ, ಜರ್ಮನ್ ಪ್ಯಾರಾಟ್ರೂಪರ್‌ಗಳ ವಿರುದ್ಧ ಮನೆಮನೆ ಕಾದಿದ ಊರು ಅದು. ರಸ್ತೆಗೆ ಇಳಿದರೆ ಗುಂಡು. ಆದ್ದರಿಂದ ಒಂದು ಮನೆಯ ಗೋಡೆ ಸ್ಫೋಟಿಸಿ ಪಕ್ಕದ ಮನೆಗೆ, ಅಲ್ಲಿಂದ ಮುಂದಿನ ಮನೆಗೆ, ಇಲಿ ಬಿಲ ತೋಡಿದ ಹಾಗೆ ಹೋದರು. ಕ್ರಿಸ್‌ಮಸ್ ದಿನ ಸೀಫೋರ್ತ್‌ನವರು ಚರ್ಚಿನೊಳಗೆ ಪಾಳಿಯ ಮೇಲೆ ಬಂದು ಊಟ ಮಾಡಿ ಮತ್ತೆ ಗುಂಡಿನ ಬಾಯಿಗೆ ಹೋದರು. ಆ ತಿಂಗಳು ಮೋರೊ ಮತ್ತು ಓರ್ಟೋನಾ ಸೇರಿ ಸತ್ತ ಕೆನಡಾದವರು 500ಕ್ಕೂ ಹೆಚ್ಚು. ನಮ್ಮ ಡಿವಿಷನ್ ಆಗ ಒಳನಾಡಿನ ವಿಲ್ಲಾ ಗ್ರಾಂದೆ ಕಡೆ ಬೇರೆ ಕಾದಾಟದಲ್ಲಿತ್ತು. ಪಕ್ಕದವರ ಹೊಲದ ಬೆಳೆ ನಮ್ಮ ಪಹಣಿಯಲ್ಲಿ ಬರೆಸಲಿಕ್ಕೆ ಬರುವುದಿಲ್ಲ.

ಎರಡನೆಯ ಭೇಟಿಯೇ ಕಾಲಗಿರಿ. ಕಸ್ಸಿನೊ ಊರಿನ ದಕ್ಷಿಣಕ್ಕೆ ಗಾರಿ ಹೊಳೆ. ಇಂಗ್ಲಿಷ್ ಬರಹಗಳಲ್ಲಿ ಇದನ್ನೇ ಎಷ್ಟೋ ಸಲ ರಾಪಿಡೊ ಅಂತ ಬರೆದಿರುತ್ತಾರೆ, ಎರಡೂ ಹೆಸರಿನಿಂದ ಹುಡುಕಿ. ಅಗಲ ಅರವತ್ತು ಅಡಿಯ ಆಸುಪಾಸು. ನಮ್ಮ ಮಲಪ್ರಭೆಯನ್ನು ಕಂಡವರಿಗೆ ಅದೊಂದು ಹೊಳೆಯೇ ಅಲ್ಲ. ಆದರೆ ಸೆಳೆತ ಭಾರಿ, ಆಚೆ ದಂಡೆಯಲ್ಲಿ ಗುಸ್ತಾವ್ ಲೈನು ಅನ್ನೋ ಜರ್ಮನರ ರಕ್ಷಣಾ ಸಾಲು. ಜನವರಿಯಲ್ಲಿ ಅಮೆರಿಕದ ಒಂದು ಡಿವಿಷನ್ ಇಲ್ಲೇ ದಾಟಲು ಹೋಗಿ ನುಗ್ಗಾಗಿತ್ತು. 1944ರ ಮೇ 11ರ ರಾತ್ರಿ 11 ಗಂಟೆಗೆ ತೋಪು ಸಿಡಿದವು. ನಮ್ಮ ಡಿವಿಷನ್ನಿನ 17 ಮತ್ತು 19ನೇ ಬ್ರಿಗೇಡುಗಳು ದೋಣಿಗಳಲ್ಲಿ ದಾಟಿದವು. ಕಾಲಾಳು ದಾಟಿದರೆ ಸಾಲದು, ಬೆಳಗಾಗುವುದರೊಳಗೆ ಟ್ಯಾಂಕು ಆಚೆ ಹೋಗದಿದ್ದರೆ ಅವರನ್ನು ಅಲ್ಲೇ ಅರೆದುಬಿಡುತ್ತಾರೆ.

ಅದಕ್ಕೇ ಆ ಸೇತುವೆ. ಕ್ಯಾಲ್ಗರಿ ರೆಜಿಮೆಂಟಿನ ಜೋಡಿ ಇದ್ದ ಕ್ಯಾಪ್ಟನ್ ಟೋನಿ ಕಿಂಗ್ಸ್‌ಮಿಲ್ ಅನ್ನೋ ಇಂಜಿನಿಯರನ ತಲೆಯ ಕೂಸು ಅದು. ಬೇಯ್ಲಿ (Bailey) ಸೇತುವೆ ಅಂತ ಕಬ್ಬಿಣದ ಚೌಕಟ್ಟು ಜೋಡಿಸಿ ಮಾಡುವ ಸೇತುವೆ ಇರುತ್ತದಲ್ಲ, ಅದನ್ನು ಮೊದಲೇ ಹಿಂದೆ ಮರೆಯಲ್ಲಿ ಜೋಡಿಸಿಟ್ಟರು. ಒಂದು ಶರ್ಮನ್ ಟ್ಯಾಂಕಿನ ಮೇಲಿನ ಗೋಪುರ ಕಿತ್ತು, ಅಲ್ಲಿ ಉರುಳೆ ಕೂರಿಸಿ, ಸೇತುವೆಯ ಮುಂದಿನ ಭಾರವನ್ನು ಅದರ ಬೆನ್ನ ಮೇಲೆ ಹೊರಿಸಿದರು. ಹಿಂದಿನಿಂದ ಇನ್ನೊಂದು ಟ್ಯಾಂಕು ನೂಕಬೇಕು. ಮೇ 12ರ ಬೆಳಿಗ್ಗೆ, ಗುಂಡು ಬೀಳುತ್ತಿರುವಾಗಲೇ, ಮುಂದಿನ ಟ್ಯಾಂಕು ನೇರವಾಗಿ ಹೊಳೆಗೆ ಇಳಿದು ಮುಳುಗಿತು. ಹಿಂದಿನದು ನೂಕುತ್ತಾ ಹೋದ ಹಾಗೆ ಸೇತುವೆ ಆ ಮುಳುಗಿದ ಟ್ಯಾಂಕಿನ ಬೆನ್ನ ಮೇಲೆ ಉರುಳಿಕೊಂಡು ಆಚೆ ದಂಡೆಗೆ ಕೂತಿತು. ಅದರ ಮೇಲೆ ಟ್ಯಾಂಕುಗಳು ಹೋದವು. ಆ ಜಾಗಕ್ಕೆ ಪ್ಲಿಮತ್ ಅಂತ ಗುಪ್ತ ಹೆಸರು. ಕಿಂಗ್ಸ್‌ಮಿಲ್‌ಗೆ ಮಿಲಿಟರಿ ಕ್ರಾಸ್ ಅನ್ನೋ ಶೌರ್ಯ ಪದಕ ಸಿಕ್ಕಿತು. ಅದೇ ದಿನ ಆಚೆ ದಂಡೆಯಲ್ಲಿ 3/8 ಪಂಜಾಬಿನ ಸಿಪಾಯಿ ಕಮಲ್ ರಾಮ್ ಮಷೀನ್‌ಗನ್ನಿನ ಠಾಣೆಗಳನ್ನು ಬಾಯಿ ಮುಚ್ಚಿಸಿ ಆಗಿನ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ. ಮರುದಿನ ಗೂರ್ಖಾಗಳು ಕೆನಡಾದ ಟ್ಯಾಂಕುಗಳ ಜೋಡಿ ಸಾಂತ್ ಆಂಜೆಲೊ ಹಳ್ಳಿ ಹಿಡಿದರು. ಮೇ 16ರ ಹೊತ್ತಿಗೆ 1ನೇ ಕೆನಡಿಯನ್ ಡಿವಿಷನ್ ಬಂದು ನಮ್ಮವರಿಂದ ಆ ಜಾಗ ವಹಿಸಿಕೊಂಡಿತು.

ಅಂದರೆ ಅತ್ತಿಯ ಕಥೆಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಕ್ಕ ನಾವೇ ದಡ್ಡರು.

ಆದರೂ ಏಣಿಯನ್ನು ಮತ್ತೊಮ್ಮೆ ಹತ್ತಿ ಇಳಿಯಬೇಕು. ಮೊದಲ ರಾತ್ರಿ ದಾಟಿದ್ದು 17 ಮತ್ತು 19. ಅಜ್ಜನ 21ನೇ ಬ್ರಿಗೇಡ್ ಮೀಸಲಿನಲ್ಲಿತ್ತು, ಆಮೇಲೆ ದಾಟಿತು. ಆದ್ದರಿಂದ ಸೇತುವೆ ಹಾಕುವಾಗ ಅಜ್ಜ ಅಲ್ಲಿ ಗುಂಡು ಹಾರಿಸುತ್ತಿದ್ದರು ಅಂತ ನಾನು ಬರೆಯುವುದಿಲ್ಲ. ಮುಳುಗಿದ ಟ್ಯಾಂಕಿನ ಸುದ್ದಿ ಡಿವಿಷನ್ನಿನ ತುಂಬ ಹಬ್ಬಿತ್ತು, ಅವರು ಅದನ್ನು ಮನೆಗೆ ತಂದರು ಅಂತ ಬರೆಯುತ್ತೇನೆ. ನೀವೂ ಹೀಗೇ ಹಾಳೆಯ ಮೇಲೆ ಎರಡು ಕಾಲಂ ಎಳೆದುಕೊಳ್ಳಿ. ಒಂದರಲ್ಲಿ ಮನೆಯ ಮಾತು, ಇನ್ನೊಂದರಲ್ಲಿ ಬ್ರಿಗೇಡ್ ಆ ದಿನ ಇದ್ದ ಜಾಗ. ಎರಡೂ ಕೂಡಿದಲ್ಲಿ ಟಿಕ್ ಹಾಕಿ, ಕೂಡದಿದ್ದಲ್ಲಿ ಖಾಲಿ ಬಿಡಿ.

ಕೂಡದ ಇನ್ನೊಂದು ಉದಾಹರಣೆ ಕೊಡುತ್ತೇನೆ, ಇದು ನಮ್ಮ ಕಡೆ ಭಾಳ ಕೇಳಿಬರುತ್ತದೆ. 1/5ರ ಸಿಪಾಯಿ ನಾಮದೇವ ಜಾಧವ 1945ರ ಏಪ್ರಿಲ್ 9ರಂದು ಸೆನಿಯೊ ಹೊಳೆಯ ಕಾಳಗದಲ್ಲಿ ವಿಕ್ಟೋರಿಯಾ ಕ್ರಾಸ್ ಗಳಿಸಿದರು. “ಆವತ್ತೂ ಕೆನಡಾದವರು ಬಾಜೂಕ ಇದ್ರು” ಅಂತ ಹೇಳುವವರಿದ್ದಾರೆ. ಇರಲಿಲ್ಲ. 1945ರ ಫೆಬ್ರವರಿ, ಮಾರ್ಚ್‌ನಲ್ಲೇ ಕೆನಡಾದ ಸೈನ್ಯವನ್ನು ಇಟಲಿಯಿಂದ ತೆಗೆದು ಹಾಲೆಂಡ್ ಕಡೆ ಸಾಗಿಸಿದ್ದರು. ಇನ್ನು 3/5ರ ನಾಯಕ್ ಯಶವಂತ ಘಾಡ್ಗೆ 1944ರ ಜುಲೈ 10ರಂದು ಟೈಬರ್ ಕಣಿವೆಯಲ್ಲಿ ಕಾದಿ ಸತ್ತು ಅದೇ ಪದಕ ಪಡೆದರು. ಅವರದು 10ನೇ ಡಿವಿಷನ್, ಅದನ್ನು 8ನೆಯದರ ಕಥೆಗೆ ಬೆರೆಸಬೇಡಿ.

ಓದಲು ಎಲ್ಲಿ ಸಿಗುತ್ತದೆ? ಕೆನಡಾದವರ ದಾಖಲೆಗಳೇ ಸುಲಭ, ಅದೂ ಪುಕ್ಕಟೆ. ಆ ಸರಕಾರ ತನ್ನ ಯುದ್ಧದ ಅಧಿಕೃತ ಇತಿಹಾಸವನ್ನು, ಇಟಲಿಯ ಸಂಪುಟವೂ ಸೇರಿ, ಪಿಡಿಎಫ್ ಮಾಡಿ ಹಾಕಿದೆ. ರೆಜಿಮೆಂಟುಗಳ ಯುದ್ಧ ದಿನಚರಿಗಳು ಅವರ ರಾಷ್ಟ್ರೀಯ ಗ್ರಂಥಾಲಯ ಮತ್ತು ದಾಖಲೆ ಸಂಗ್ರಹದಲ್ಲಿವೆ, ಬಹಳಷ್ಟು ಸ್ಕ್ಯಾನ್ ಆಗಿ ಕೆನಡಿಯಾನಾ ಅನ್ನೋ ತಾಣದಲ್ಲಿವೆ. ಅಲ್ಲಿ ಬರೀ ಕ್ಯಾಲ್ಗರಿ ಅಂತ ಹುಡುಕಿದರೆ ತಪ್ಪಿಹೋಗಬಹುದು. ದಾಖಲೆಗಳಲ್ಲಿ ಅದು 14ನೇ ಆರ್ಮರ್ಡ್ ರೆಜಿಮೆಂಟ್. ಆಂಟಾರಿಯೊ 11, ಥ್ರೀ ರಿವರ್ಸ್ 12. ಪುಟಗಳು ಟೈಪ್ ಹೊಡೆದವು: ಜಾಗ, ತಾರೀಕು, ಗಂಟೆ, ಏನಾಯಿತು. ನಮ್ಮವರ ಹೆಸರು ಬಂದರೆ “ಮಹ್ರಟ್ಟಾ” ಅಂತ ಬರುತ್ತದೆ, ನಡುವೆ ಎಚ್, ಕೊನೆಗೆ ಎರಡು ಟಿ. ಈಗಿನ ಸ್ಪೆಲಿಂಗ್ ಹಾಕಿದರೆ ಏನೂ ಬರುವುದಿಲ್ಲ. ಇಂಡಿಯಾ ಅಂತ ಪೂರ್ತಿ ಬರೆದಿರುವುದಿಲ್ಲ, ಮೊದಲ ಮೂರು ಅಕ್ಷರ ಮಾತ್ರ.

ಸೈನಿಕನ ಸ್ವಂತ ದಾಖಲೆಗೆ ಕೆನಡಾಕ್ಕೂ ಹೋಗಬೇಕಿಲ್ಲ, ಲಂಡನ್ನಿಗೂ ಬೇಡ. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಕಾರ್ಡ್ ಆಫೀಸು ಬೆಳಗಾವಿಯಲ್ಲೇ ಇದೆ. ನಂಬರು, ಪೂರ್ತಿ ಹೆಸರು, ತಂದೆಯ ಹೆಸರು, ಊರು, ನಿಮ್ಮ ಸಂಬಂಧ ಬರೆದು, ಕಾಗದಗಳ ನಕಲು ಲಗತ್ತಿಸಿ ಸ್ಪೀಡ್ ಪೋಸ್ಟ್ ಮಾಡಿ. ನಂಬರಿಲ್ಲದ ಪತ್ರಕ್ಕೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಒಂದೇ ಹೆಸರಿನ ಹತ್ತು ಪಾಟೀಲರು, ಇಪ್ಪತ್ತು ಜಾಧವರು ಇರುತ್ತಾರೆ. ಊರಿನ ಹೆಸರಿನ ಮುಂದೆ ಬೆಳಗಾಂ ಜಿಲ್ಲೆ, ಬಾಂಬೆ ಪ್ರಾಂತ್ಯ ಅಂತ ಹಳೆಯ ವಿಳಾಸವನ್ನೂ ಹಾಕಿ. ಒಬ್ಬ ಏಜೆಂಟ್ “ಲಂಡನ್ನಿಂದ ಅಜ್ಜನ ಪೂರ್ತಿ ಫೈಲ್ ತರಿಸ್ತೀನಿ” ಅಂತ ನನ್ನಿಂದಲೇ 4,000 ರೂಪಾಯಿ ತಗೊಂಡು ಹೋದ. ದಿನಾ ಊರಿಗೆಲ್ಲ ಅರ್ಜಿ ತುಂಬಿಕೊಡುವ ನಾನೇ ಹೀಗೆ ಮೋಸಹೋದೆ ಅಂತ ಎರಡು ವರ್ಷ ಯಾರಿಗೂ ಹೇಳಿರಲಿಲ್ಲ.

ಯುದ್ಧದಲ್ಲೇ ಸತ್ತವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ತಾಣದಲ್ಲಿ ಹೆಸರು ಹುಡುಕಿ. ಎಷ್ಟೋ ನಮೂದುಗಳಲ್ಲಿ ತಂದೆಯ ಹೆಸರು, ಹಳ್ಳಿ, ಜಿಲ್ಲೆ ಕೂಡ ಇರುತ್ತದೆ. ಸಮಾಧಿ ಕಾಣಲಿಲ್ಲ ಅಂತ ಕೈಬಿಡಬೇಡಿ. ದಹನ ಮಾಡಿದವರ ಹೆಸರುಗಳು ಬೇರೆ ಸ್ಮಾರಕದ ಮೇಲಿರುತ್ತವೆ. ಮೋರೊ ಕಾಲದ್ದಾದರೆ ಸಾಂಗ್ರೊ ನದಿಯ ಯುದ್ಧ ಸ್ಮಶಾನದಲ್ಲಿ ಅಂಥ ಸ್ಮಾರಕವಿದೆ, 500ಕ್ಕೂ ಹೆಚ್ಚು ಭಾರತೀಯ ಸೈನಿಕರ ಹೆಸರಿನದು. ಕೆನಡಾದವರದು ಓರ್ಟೋನಾ ಹತ್ತಿರ, ಮೋರೊ ನದಿಯ ಸ್ಮಶಾನ, 1,600ಕ್ಕೂ ಹೆಚ್ಚು ಕಲ್ಲುಗಳು. ಎರಡಕ್ಕೂ ನಡುವೆ ದೂರ ಹೆಚ್ಚಿಲ್ಲ.

ಬರ್ಮಾ ನಕ್ಷತ್ರದವರು ನಿರಾಶರಾಗಬೇಡಿ, ನಿಮ್ಮ ಕೆನಡಾದವರು ನೆಲದ ಮೇಲಲ್ಲ, ಆಕಾಶದಲ್ಲಿದ್ದರು. ಕೆನಡಾ ವಾಯುಪಡೆಯ 435 ಮತ್ತು 436ನೇ ಸ್ಕ್ವಾಡ್ರನ್ ಹುಟ್ಟಿದ್ದೇ ಆಗಿನ ಪಂಜಾಬಿನ ಗುಜರಾತ್ ಊರಿನಲ್ಲಿ, 1944ರಲ್ಲಿ. ಮಣಿಪುರದ ತುಲಿಹಾಲ್, ಕಾಂಗ್ಲಾ ಮೈದಾನಗಳಿಂದ ಡಕೋಟಾ ಅನ್ನೋ ಸಾಗಣೆ ವಿಮಾನ ಹಾರಿಸಿ, ಬರ್ಮಾದಲ್ಲಿ ಕಾದುತ್ತಿದ್ದ 14ನೇ ಆರ್ಮಿಗೆ ಅಕ್ಕಿ, ಮದ್ದುಗುಂಡು ಇಳಿಸಿದರು. “ಮ್ಯಾಲಿಂದ ಚೀಲ ಬೀಳ್ತಿದ್ವು” ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿದ್ದರೆ, ತಾರೀಕು 1944ರ ಡಿಸೆಂಬರ್ ನಂತರದ್ದಾ ನೋಡಿ. ಅದಕ್ಕೂ ಮೊದಲು, 1942ರ ಏಪ್ರಿಲ್ 4ರಂದು, ಸಿಂಹಳದ ಕಡೆ ಬರುತ್ತಿದ್ದ ಜಪಾನೀ ಹಡಗುಪಡೆಯನ್ನು ಮೊದಲು ಕಂಡು ಸುದ್ದಿ ಕೊಟ್ಟವನೂ ಕೆನಡಾದ ಪೈಲಟ್, ಲಿಯೊನಾರ್ಡ್ ಬರ್ಚಾಲ್. ಸುದ್ದಿ ಕಳಿಸುತ್ತಿರುವಾಗಲೇ ವಿಮಾನ ಹೊಡೆದುರುಳಿಸಿ ಅವನನ್ನು ಸೆರೆ ಹಿಡಿದರು.

ಕೊನೆಗೆ ನನ್ನ ಕಸುಬಿನ ಮಾತು. ಹಳೆಯ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ನನಗೆ ಮೂವತ್ತು ರೂಪಾಯಿ ನಷ್ಟ, ಆದರೂ ಹೇಳುತ್ತೇನೆ. ಬಿಸಿಗೆ ಹಳೆಯ ಶಾಯಿ ಹಾರುತ್ತದೆ, ಮತ್ತೆ ಬಿಚ್ಚಲು ಬರುವುದಿಲ್ಲ. 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ, ಹಿಂಬದಿಯನ್ನೂ ಮಾಡಿಸಿ. ಮಡಿಕೆ ಬಿಡಿಸುವಾಗ ಇಸ್ತ್ರಿ ಹಾಕಬೇಡಿ, ದಪ್ಪ ಪುಸ್ತಕದ ಕೆಳಗೆ ಎರಡು ದಿನ ಇಡಿ.

ಕಾಕಾನ ಫ್ಲೆಕ್ಸ್ ಆಯಿತು. ನಾನೇ ಮಾಡಿಕೊಟ್ಟೆ, ಆರು ಬೈ ನಾಲ್ಕು. “ಜಂಗಿ ಪಲ್ಟನ್, 8ನೇ ಡಿವಿಷನ್, ಮೋರೊ 1943, ಗಾರಿ 1944” ಅಂತ ಇಷ್ಟೇ. ವೀರ, ಶೂರ ಏನೂ ಹಾಕಲಿಲ್ಲ ಅಂತ ಕಾಕಾನಿಗೆ ಇನ್ನೂ ಸಿಟ್ಟಿದೆ. ಅತ್ತಿಗೆ ಗಾರಿ ಸೇತುವೆಯ ಚಿತ್ರ ದೊಡ್ಡದು ಮಾಡಿ ತೋರಿಸಿ, ಉರುಳೆ, ನೂಕುವ ಟ್ಯಾಂಕು, ಮುಳುಗಿದ ಟ್ಯಾಂಕು ಎಲ್ಲ ಬೆರಳಿಟ್ಟು ಹೇಳಿದೆ. ಕಣ್ಣಿಗೆ ಹತ್ತಿರ ಹಿಡಿದು ಭಾಳ ಹೊತ್ತು ನೋಡಿದಳು.

“ಅಲ್ಲವಾ ತಂಗಿ, ಅದರಾಗ ಕುಂತ ಡ್ರೈವರ್ ಹೊರಗ ಬಂದ್ನೋ ಇಲ್ಲೋ? ಅಪ್ಪ ಅದೊಂದು ಹೇಳಲೇ ಇಲ್ಲ.”

“ಬಂದ, ಅತ್ತಿ.”

“ಹಾಂ,” ಅಂದಳು, ಹಾಳೆ ಮಡಚಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಳು.